ಸ್ವಿಚ್‌ಗೆ ರೇಡಿಯಸ್ ಲಾಗಿನ್: ಸರ್ವರ್ ಉತ್ತರಿಸದಿದ್ದಾಗ

ಕಚೇರಿಯ ಎಲ್ಲ ನೆಟ್‌ವರ್ಕ್ ಸ್ವಿಚ್‌ಗಳ ಲಾಗಿನ್ ಅನ್ನು ಒಂದೇ ಫ್ರೀರೇಡಿಯಸ್ (ಲಾಗಿನ್‌ಗಳನ್ನು ಒಂದೆಡೆ ಪರಿಶೀಲಿಸುವ ‘ರೇಡಿಯಸ್’ ಪದ್ಧತಿಯ ತಂತ್ರಾಂಶ) ಸರ್ವರ್‌ಗೆ ವಹಿಸಿದ ಮೇಲೆ, ಒಂದು ಸ್ವಿಚ್ ಮಾತ್ರ ಸರ್ವರ್‌ನ ಉತ್ತರಕ್ಕಾಗಿ ಕಾದು ಕಾದು ಕೊನೆಗೆ ತನ್ನಲ್ಲೇ ಇರುವ ಸ್ಥಳೀಯ ಖಾತೆಗೇ ಮರಳುತ್ತಿತ್ತು. ಸಂಪರ್ಕ ಪರೀಕ್ಷಿಸುವ ಪಿಂಗ್ ಸರಿಯಾಗಿತ್ತು, ಸ್ವಿಚ್ ಮತ್ತು ಸರ್ವರ್ ಎರಡರಲ್ಲೂ ಇರಬೇಕಾದ ಗುಪ್ತಪದ, ಅಂದರೆ ಸೀಕ್ರೆಟ್ ಕೂಡ ಹೊಂದುತ್ತಿತ್ತು. ಸರ್ವರ್ ಅನ್ನು ಡೀಬಗ್ ಸ್ಥಿತಿಯಲ್ಲಿ ನಡೆಸಿ ನೋಡಿದಾಗ ಕಾರಣ ಸ್ಪಷ್ಟವಾಯಿತು: ಆ ಸ್ವಿಚ್‌ನಲ್ಲಿ ಎರಡು ವಿ-ಲ್ಯಾನ್‌ಗಳಿಗೆ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ಜಾಲಗಳಿಗೆ) ಐಪಿ ವಿಳಾಸಗಳಿದ್ದು, ಸರ್ವರ್‌ನ ರೇಡಿಯಸ್ ಪೋರ್ಟ್ ಆದ ಯುಡಿಪಿ 1812ಕ್ಕೆ ಬರುತ್ತಿದ್ದ ಕೋರಿಕೆಯು ಸರ್ವರ್ ಒಪ್ಪುವ ಸಾಧನಗಳ ಪಟ್ಟಿಯಾದ ಕ್ಲೈಂಟ್ ಪಟ್ಟಿಯಲ್ಲಿ ನಮೂದಾಗಿದ್ದ ಮ್ಯಾನೇಜ್‌ಮೆಂಟ್ ವಿಳಾಸದ ಬದಲು ಇನ್ನೊಂದರಿಂದ ಹೊರಡುತ್ತಿತ್ತು. ಪಟ್ಟಿಯಲ್ಲಿಲ್ಲದ ಕ್ಲೈಂಟ್‌ಗೆ ರೇಡಿಯಸ್ ಸರ್ವರ್ ನಿರಾಕರಣೆಯನ್ನೂ ಕಳುಹಿಸುವುದಿಲ್ಲ. ಪ್ಯಾಕೆಟ್ ಅನ್ನು ಸದ್ದಿಲ್ಲದೆ ಕೈಬಿಡುತ್ತದೆ. ಸ್ವಿಚ್‌ನ ತಂತ್ರಾಂಶವಾದ ಸಿಸ್ಕೋ ಐಓಎಸ್‌ನಲ್ಲಿ, ಕೋರಿಕೆ ಯಾವ ವಿಳಾಸದಿಂದ ಹೊರಡಬೇಕೆಂದು ಹೇಳುವ ‘ಐಪಿ ರೇಡಿಯಸ್ ಸೋರ್ಸ್-ಇಂಟರ್‌ಫೇಸ್’ ಆದೇಶದಲ್ಲಿ ಮ್ಯಾನೇಜ್‌ಮೆಂಟ್ ವಿ-ಲ್ಯಾನ್ ಅನ್ನು ನಿಗದಿಪಡಿಸಿದೊಡನೆ ಲಾಗಿನ್ ಸಾಧ್ಯವಾಯಿತು. ಇಂತಹ ಬದಲಾವಣೆಯನ್ನು ಹಳೆಯ ಸೆಷನ್ ಮುಚ್ಚದೆ ಇನ್ನೊಂದು ವಿಂಡೋದಲ್ಲಿ ಪರೀಕ್ಷಿಸಬೇಕು. ಲಾಗಿನ್ ಪರಿಶೀಲನೆಯ ಕ್ರಮವನ್ನು ಹೇಳುವ ‘ಗ್ರೂಪ್ ರೇಡಿಯಸ್ ಲೋಕಲ್’ ಎಂಬಲ್ಲಿ ಕೊನೆಯ ಪದವನ್ನು ಬಿಡಲೇಬಾರದು, ಏಕೆಂದರೆ ಸರ್ವರ್ ಕೈಕೊಟ್ಟಾಗ ಆ ಸ್ಥಳೀಯ ಖಾತೆಯೇ ನಮಗೆ ಆಧಾರ.