ಬಿಟಿ ಪೇಟೆಂಟ್ ಮುಗಿಯುವುದು ಯಾವಾಗ? ನೀವೇ ಲೆಕ್ಕ ಹಾಕಿ

‘ಆ ತಂತ್ರಜ್ಞಾನದ ಪೇಟೆಂಟ್ ಮುಗಿದಿದೆ, ಇನ್ನು ಯಾರು ಬೇಕಾದರೂ ಬಳಸಬಹುದು’ ಎಂಬ ಮಾತು ಬೀಜದ ವ್ಯಾಪಾರದಲ್ಲಿ ಆಗಾಗ ಕೇಳಿಬರುತ್ತದೆ. ಅದರಲ್ಲಿ ನಿಜ ಇರುವುದು ಅರ್ಧ ಮಾತ್ರ. ಪೇಟೆಂಟ್ ಮುಗಿಯುವ ದಿನವನ್ನು ವಕೀಲರ ನೆರವಿಲ್ಲದೆ ಕಂಡುಹಿಡಿಯಬಹುದು. ಅದರಿಂದ ಏನೇನು ಬಿಡುಗಡೆಯಾಯಿತು ಎಂದು ತಿಳಿಯಲು ಮಾತ್ರ ಇನ್ನೂ ಎರಡು ಕಡತಗಳನ್ನು ನೋಡಬೇಕು. ಹತ್ತಿ ಬೆಳೆಗಾರರಿಗೆಲ್ಲ ಗೊತ್ತಿರುವ ಬೋಲ್ಗಾರ್ಡ್-2 ತಂತ್ರಜ್ಞಾನವನ್ನೇ, ಅಂದರೆ ಕಾಯಿಕೊರಕ ತಡೆಯಲು ಬಿಟಿ ಎಂಬ ಬ್ಯಾಕ್ಟೀರಿಯಾದ ಜೀನ್‌ಗಳನ್ನು ಹತ್ತಿಗೆ ಸೇರಿಸಿದ ತಂತ್ರಜ್ಞಾನವನ್ನೇ, ಉದಾಹರಣೆಗೆ ತೆಗೆದುಕೊಳ್ಳೋಣ.

ಹೆಜ್ಜೆ 1: ಪೇಟೆಂಟ್ ಯಾವುದಕ್ಕೆ ಎಂದು ನೋಡಿ

ಭಾರತದಲ್ಲಿ ಬೀಜಕ್ಕೆ, ಗಿಡಕ್ಕೆ, ತಳಿಗೆ ಪೇಟೆಂಟ್ ಇಲ್ಲ. ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಜೆ) ಅದನ್ನು ನೇರವಾಗಿ ನಿರಾಕರಿಸುತ್ತದೆ. ಕಂಪನಿಗಳು ಪೇಟೆಂಟ್ ಕೇಳುವುದು ಪ್ರಯೋಗಾಲಯದಲ್ಲಿ ಜೋಡಿಸಿದ ಜೀನ್ ಸರಣಿಗೆ ಮತ್ತು ಅದನ್ನು ಗಿಡದೊಳಗೆ ಸೇರಿಸುವ ವಿಧಾನಕ್ಕೆ. ಬೋಲ್ಗಾರ್ಡ್-2ಕ್ಕೆ ಸಂಬಂಧಿಸಿದ, ಅಮೆರಿಕದ ಬೀಜ ಕಂಪನಿ ಮಾನ್ಸಾಂಟೊ ಹೆಸರಿನಲ್ಲಿದ್ದ ಭಾರತೀಯ ಪೇಟೆಂಟ್ ಸಂಖ್ಯೆ 214436 ಇಂಥದ್ದು. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ‘ಇನ್‌ಪಾಸ್’ ಎಂಬ ಹುಡುಕಾಟದ ಪುಟವಿದೆ. ಅಲ್ಲಿ ಸಂಖ್ಯೆ ಕೊಟ್ಟರೆ ವಿವರ ಉಚಿತವಾಗಿ ಸಿಗುತ್ತದೆ.

ಹೆಜ್ಜೆ 2: ಸರಿಯಾದ ತಾರೀಖು ಹಿಡಿಯಿರಿ

ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಕಡತದಲ್ಲಿ ಸಾಮಾನ್ಯವಾಗಿ ಮೂರು ಮುಖ್ಯ ತಾರೀಖುಗಳಿರುತ್ತವೆ: ಜಗತ್ತಿನಲ್ಲಿ ಎಲ್ಲಿಯಾದರೂ ಮೊದಲ ಅರ್ಜಿ ಹಾಕಿದ ಆದ್ಯತೆಯ ದಿನ, ಅರ್ಜಿ ಸಲ್ಲಿಕೆಯ ದಿನ, ಪೇಟೆಂಟ್ ಮಂಜೂರಾದ ದಿನ. ಸೆಕ್ಷನ್ 53ರ ಪ್ರಕಾರ ಅವಧಿ 20 ವರ್ಷ. ಎಣಿಕೆ ಶುರುವಾಗುವುದು ಸಲ್ಲಿಕೆಯ ದಿನದಿಂದ. ಅಂತರರಾಷ್ಟ್ರೀಯ ಒಪ್ಪಂದದ ಮೂಲಕ ಬಂದ ಅರ್ಜಿಯಾದರೆ ಅಂತರರಾಷ್ಟ್ರೀಯ ಸಲ್ಲಿಕೆಯ ದಿನವೇ ಲೆಕ್ಕಕ್ಕೆ.

ನಮ್ಮ ಉದಾಹರಣೆಯಲ್ಲಿ ಅಮೆರಿಕದ ಮೊದಲ ಅರ್ಜಿ 1998ರ ನವೆಂಬರ್ 4ರದು. ಅಂತರರಾಷ್ಟ್ರೀಯ ಅರ್ಜಿ ಸಲ್ಲಿಕೆಯಾದದ್ದು ಸರಿಯಾಗಿ ಒಂದು ವರ್ಷದ ನಂತರ, 1999ರ ನವೆಂಬರ್ 4ರಂದು. ಇಲ್ಲಿ ಮಂಜೂರಾದದ್ದು 2008ರ ಫೆಬ್ರುವರಿಯಲ್ಲಿ. ಮಂಜೂರಾತಿಯಿಂದ ಎಣಿಸಿದವರಿಗೆ 2028 ಎಂಬ ತಪ್ಪು ಉತ್ತರ ಬರುತ್ತದೆ, ಆದ್ಯತೆಯ ದಿನದಿಂದ ಎಣಿಸಿದವರಿಗೆ 2018. ಸರಿಯುತ್ತರ 2019ರ ನವೆಂಬರ್ ಮೊದಲ ವಾರ. ಅಂದರೆ 20 ವರ್ಷದಲ್ಲಿ ಎಂಟಕ್ಕೂ ಹೆಚ್ಚು ವರ್ಷ ಮಂಜೂರಾತಿಗೆ ಮೊದಲೇ ಕಳೆದುಹೋಗಿತ್ತು.

ಹೀಗೆ ಕಳೆದ ಕಾಲವನ್ನು ನಮ್ಮ ಕಾನೂನು ಮರಳಿ ಕೊಡುವುದಿಲ್ಲ. ಪೇಟೆಂಟ್ ಕಚೇರಿ ತಡ ಮಾಡಿದರೆ ಅಮೆರಿಕದಲ್ಲಿ ಅವಧಿಗೆ ದಿನ ಸೇರಿಸುವ ಪದ್ಧತಿ ಇದೆ, ಇಲ್ಲಿಲ್ಲ. ಕೋರ್ಟಿನಲ್ಲಿ ಕಳೆದ ವರ್ಷಗಳಿಗೂ ವಿನಾಯಿತಿ ಇಲ್ಲ. ಇದೇ ಪೇಟೆಂಟ್ 3(ಜೆ) ಅಡಿ ಊರ್ಜಿತವಲ್ಲವೆಂದು ದೆಹಲಿ ಹೈಕೋರ್ಟ್‌ನ ವಿಭಾಗೀಯ ಪೀಠ 2018ರ ಏಪ್ರಿಲ್‌ನಲ್ಲಿ ಹೇಳಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿಟ್ಟು, ವಿಚಾರಣೆ ನಡೆಸುವಂತೆ ಏಕಸದಸ್ಯ ಪೀಠಕ್ಕೆ ಕಳಿಸಿತು. ವಿಚಾರಣೆ ಮುಗಿಯುವ ಮೊದಲೇ ಪೇಟೆಂಟಿನ ಆಯುಷ್ಯ ಮುಗಿಯಿತು. ಹಾಗೆಂದು ಅವಧಿಯೊಳಗೆ ನಡೆದ ಉಲ್ಲಂಘನೆ ಮಾಫಿಯಾಗುವುದಿಲ್ಲ. ಅದರ ಪರಿಹಾರವನ್ನು ಆಮೇಲೂ ಕೇಳಬಹುದು.

ಹೆಜ್ಜೆ 3: ಶುಲ್ಕ ಕಟ್ಟಿದ್ದಾರೆಯೇ ಎಂದು ನೋಡಿ

20 ವರ್ಷ ಎಂಬುದು ಗರಿಷ್ಠ ಮಿತಿ. ಮೂರನೇ ವರ್ಷದಿಂದ ಪ್ರತಿ ವರ್ಷಕ್ಕೂ ನವೀಕರಣ ಶುಲ್ಕವಿದೆ. ವರ್ಷ ಕಳೆದಂತೆ ಅದು ಏರುತ್ತದೆ. ದೊಡ್ಡ ಕಂಪನಿಗೆ ಮೊದಲ ಹಂತದಲ್ಲಿ ವರ್ಷಕ್ಕೆ 4,000 ರೂಪಾಯಿ ಇದ್ದದ್ದು ಕೊನೆಯ ಹಂತದಲ್ಲಿ 40,000 ಆಗುತ್ತದೆ. ವ್ಯಕ್ತಿಗಳಿಗೆ, ನವೋದ್ಯಮಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ ಇದರ ಐದನೇ ಒಂದು ಭಾಗ. ಗಡುವು ತಪ್ಪಿದರೆ ದಂಡದೊಂದಿಗೆ ಆರು ತಿಂಗಳ ಅವಕಾಶ. ಅದೂ ತಪ್ಪಿದರೆ ಪೇಟೆಂಟ್ ರದ್ದಾಗುತ್ತದೆ. ಆದರೂ ತಕ್ಷಣ ಹಿಗ್ಗಬೇಡಿ, ರದ್ದಾದ ದಿನದಿಂದ 18 ತಿಂಗಳೊಳಗೆ ಪುನಃಸ್ಥಾಪನೆಗೆ ಅರ್ಜಿ ಹಾಕಬಹುದು.

ಹೆಜ್ಜೆ 4: ದೇಶ ಯಾವುದು?

ಪೇಟೆಂಟ್ ಕೊಟ್ಟ ದೇಶದಲ್ಲಷ್ಟೇ ಅದಕ್ಕೆ ಬೆಲೆ. 2002ರಲ್ಲಿ ಭಾರತಕ್ಕೆ ಬಂದ ಮೊದಲ ಬೋಲ್ಗಾರ್ಡ್‌ಗೆ ಇಲ್ಲಿ ಪೇಟೆಂಟೇ ಇರಲಿಲ್ಲ! ಬೀಜ ಕಂಪನಿಗಳು ತಂತ್ರಜ್ಞಾನದ ಶುಲ್ಕ ಕಟ್ಟಿದ್ದು ಒಪ್ಪಂದದ ಬಲದಿಂದ.

ಅಮೆರಿಕದ ಸೋಯಾ ರೈತರ ಕಥೆ ಬೇರೆ. ಕಳೆನಾಶಕ ತಡೆದುಕೊಳ್ಳುವ ರೌಂಡಪ್ ರೆಡಿ ಸೋಯಾ ಬೀಜವನ್ನು ಮರುಬಿತ್ತನೆ ಮಾಡಿದ ಇಂಡಿಯಾನಾದ ರೈತ ಬೋಮನ್ ವಿರುದ್ಧ 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದ ತೀರ್ಪು ಕೊಟ್ಟಿತು. ಅದಾಗಿ ಎರಡು ವರ್ಷದೊಳಗೆ, ಆ ಮೊದಲ ಪೀಳಿಗೆಯ ಪೇಟೆಂಟ್ ಮುಗಿದಿತ್ತು. ಅರ್ಕಾನ್ಸಾಸ್ ವಿಶ್ವವಿದ್ಯಾಲಯ ಅದೇ ಗುಣವಿರುವ, ರೈತರು ಉಳಿಸಿಕೊಂಡು ಬಿತ್ತಬಹುದಾದ ತಳಿಯನ್ನು ಬಿಡುಗಡೆ ಮಾಡಿತು.

ಹೆಜ್ಜೆ 5: ತಳಿಯ ನೋಂದಣಿ

ಜೀನ್‌ನ ಪೇಟೆಂಟ್ ಮುಗಿದರೂ ಅದನ್ನು ಹೊತ್ತ ತಳಿ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಅಡಿ ನೋಂದಣಿಯಾಗಿರಬಹುದು. ಹೊಸ ತಳಿಗಳಿಗೆ ನೋಂದಣಿಯ ದಿನದಿಂದ ಗರಿಷ್ಠ 15 ವರ್ಷ, ಮರ ಮತ್ತು ಬಳ್ಳಿಗಳಿಗೆ 18 ವರ್ಷ. ಈ ಕಾಯ್ದೆಯ ಸೆಕ್ಷನ್ 39 ರೈತರ ಪರವಾಗಿದೆ: ತಮ್ಮ ಹೊಲದ ಬೀಜವನ್ನು ಉಳಿಸಿ, ಮತ್ತೆ ಬಿತ್ತಿ, ಹಂಚಿಕೊಂಡು, ಮಾರಲೂ ಬಹುದು. ಬ್ರ್ಯಾಂಡ್ ಹೆಸರು ಹಚ್ಚಿ ಮಾರುವಂತಿಲ್ಲ, ಅಷ್ಟೇ.

ಆದರೆ ನಮ್ಮ ಬಿಟಿ ಹತ್ತಿ ಬಹುಪಾಲು ಹೈಬ್ರಿಡ್. ಉಳಿಸಿದ ಬೀಜ ಬಿತ್ತಿದರೆ ಬೆಳೆ ಒಂದೇ ಸಮನಾಗಿ ಬರುವುದಿಲ್ಲ, ಪೋಷಕ ತಳಿಗಳು ಕಂಪನಿಯ ಬಳಿಯೇ ಇರುತ್ತವೆ. ಹೀಗಾಗಿ ಪೇಟೆಂಟ್ ಮುಗಿದ ಮಾತ್ರಕ್ಕೆ ಹೈಬ್ರಿಡ್ ಹತ್ತಿಯ ರೈತ ಬೀಜದಂಗಡಿಗೆ ಹೋಗುವುದು ತಪ್ಪುವುದಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಬೋಲ್ಗಾರ್ಡ್-2ರ ತಂತ್ರಜ್ಞಾನ ಶುಲ್ಕವನ್ನು ಸೊನ್ನೆಗೆ ಇಳಿಸಿತು, ಆದರೆ ಪೊಟ್ಟಣದ ಗರಿಷ್ಠ ಬೆಲೆ 730 ರೂಪಾಯಿಯಲ್ಲೇ ಉಳಿಯಿತು. ಇನ್ನು ಗುಲಾಬಿ ಕಾಯಿಕೊರಕವಂತೂ ಪೇಟೆಂಟ್ ಮುಗಿಯುವವರೆಗೆ ಕಾಯಲೇ ಇಲ್ಲ, ಅದಕ್ಕೆ ಮೊದಲೇ ಈ ಜೀನ್‌ಗಳಿಗೆ ನಿರೋಧಕತೆ ಬೆಳೆಸಿಕೊಂಡಿತ್ತು.

ಹೆಜ್ಜೆ 6: ಜೈವಿಕ ಸುರಕ್ಷತೆಯ ಅನುಮತಿ

ಕುಲಾಂತರಿ ಬೆಳೆಗೆ ಪರಿಸರ ಸಂರಕ್ಷಣಾ ಕಾಯ್ದೆಯಡಿಯ 1989ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಜೆನೆಟಿಕ್ ಎಂಜಿನಿಯರಿಂಗ್ ಮೌಲ್ಯಮಾಪನ ಸಮಿತಿಯ (ಜಿಇಎಸಿ) ಒಪ್ಪಿಗೆ ಬೇಕು. ಪೇಟೆಂಟ್ ಮುಗಿದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಜೀನ್ ಬಳಸಿ ಹೊಸ ಬೆಳೆ ಮಾಡಹೊರಟ ವಿಶ್ವವಿದ್ಯಾಲಯವಾಗಲಿ, ಬೆಂಗಳೂರಿನ ನವೋದ್ಯಮವಾಗಲಿ ಪೇಟೆಂಟ್ ಕಡತದ ಜತೆಗೆ ಜಿಇಎಸಿ ಸಭೆಗಳ ನಡಾವಳಿಯನ್ನೂ ಓದಬೇಕು. ಜೀನ್ ಯಾವ ಬೆಳೆಯಲ್ಲಿ, ಯಾವ ರೂಪದಲ್ಲಿ ಒಪ್ಪಿಗೆ ಪಡೆದಿದೆ ಎಂಬುದು ಅಲ್ಲಿರುತ್ತದೆ.