ಅಮೆರಿಕದಲ್ಲಿ ಎಂಜಿನಿಯರಿಂಗ್: ಟೈಮ್‌ಟೇಬಲ್ ನೀವೇ ಹಾಕಿಕೊಳ್ಳಬೇಕು

ಅಕ್ಕನ ಮಗ ಇಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೇರಿದ ಮೊದಲ ವರ್ಷ, ಎರಡನೇ ಸೆಮಿಸ್ಟರ್‌ನಲ್ಲಿ ಕ್ಯಾಲ್ಕುಲಸ್ 2ಕ್ಕೆ 'ಡಿ' ಗ್ರೇಡ್ ಬಂತು. ಫೋನಿನಲ್ಲಿ ನೆಮ್ಮದಿಯಾಗಿಯೇ ಹೇಳಿದ, "ಪಾಸ್ ಆಯ್ತಲ್ಲ ಮಾಮ." ಆದರೆ ಮುಂದಿನ ಕೋರ್ಸ್‌ಗೆ ಹೋಗಲು ಅವನ ಕಾಲೇಜಿನಲ್ಲಿ ಕನಿಷ್ಠ 'ಸಿ' ಬೇಕಿತ್ತು. ಹೆಚ್ಚಿನ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ನಿಯಮ ಹೀಗೇ ಇದೆ. ಕ್ಯಾಲ್ಕುಲಸ್ 2 ಇಲ್ಲದೆ ಡಿಫರೆನ್ಶಿಯಲ್ ಈಕ್ವೇಶನ್ಸ್ ಇಲ್ಲ. ಅದಿಲ್ಲದೆ ಸರ್ಕ್ಯೂಟ್ಸ್ 2 ಇಲ್ಲ. ಅದಿಲ್ಲದೆ ಸಿಗ್ನಲ್ಸ್ ಇಲ್ಲ. ಆ ಸಿಗ್ನಲ್ಸ್ ಕೋರ್ಸ್ ಅವನ ಕಾಲೇಜಿನಲ್ಲಿ ವರ್ಷಕ್ಕೆ ಒಂದೇ ಸಲ, ಆಗಸ್ಟ್ ಸುಮಾರಿಗೆ ಶುರುವಾಗುವ ಫಾಲ್ ಸೆಮಿಸ್ಟರ್‌ನಲ್ಲಿ ಮಾತ್ರ. ಒಂದು ಗ್ರೇಡ್ ಹೋಗಿ ಒಂದು ವರ್ಷಕ್ಕೇ ಕೈಯಿಟ್ಟಿತ್ತು.

ಇಲ್ಲಿಗೆ ಬರುವ ನಮ್ಮ ಹುಡುಗ ಹುಡುಗಿಯರು ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇದನ್ನೇ. ನಮ್ಮ ಕಡೆ ಮೂರನೇ ಸೆಮ್ ಅಂದರೆ ಇಡೀ ಬ್ರಾಂಚ್‌ಗೆ ಹೆಚ್ಚುಕಡಿಮೆ ಒಂದೇ ಪಟ್ಟಿ. ಬ್ಯಾಕ್ ಉಳಿದರೂ ಎಷ್ಟೋ ಸಲ ಮುಂದಿನ ಸೆಮ್‌ಗೆ ಹೋಗಬಹುದು. ಇಲ್ಲಿ ಕಾಲೇಜು ಒಂದು ಮಾದರಿ ಪಟ್ಟಿ ಕೊಡುತ್ತದೆ, ಅಷ್ಟೇ. ಯಾವ ಕೋರ್ಸ್, ಯಾವಾಗ, ಯಾರ ಹತ್ತಿರ ಅನ್ನೋದನ್ನು ನೀವೇ ಆರಿಸಿ ರಿಜಿಸ್ಟರ್ ಮಾಡಬೇಕು. ತಪ್ಪಿದರೆ ಯಾರೂ ಕರೆದು ಹೇಳುವುದಿಲ್ಲ.

ಆ ವಾರಾಂತ್ಯ ನಾವಿಬ್ಬರೂ ಊಟದ ಮೇಜಿನ ಮೇಲೆ ದೊಡ್ಡ ಡ್ರಾಯಿಂಗ್ ಶೀಟ್ ಹರಡಿಕೊಂಡು ಕೂತೆವು. ಬಲತುದಿಯಲ್ಲಿ ಕೊನೆಯ ವರ್ಷದ ಸೀನಿಯರ್ ಡಿಸೈನ್ ಪ್ರಾಜೆಕ್ಟ್ ಬರೆದೆವು. ಅದಕ್ಕೆ ಮುಂಚೆ ಏನು ಮುಗಿದಿರಬೇಕು, ಅದಕ್ಕೂ ಮುಂಚೆ ಏನು ಅಂತ ಹಿಂದಕ್ಕೆ ಹಿಂದಕ್ಕೆ ಬಾಣ ಎಳೆಯುತ್ತಾ ಬಂದೆವು. ವರ್ಷಕ್ಕೊಮ್ಮೆ ಮಾತ್ರ ನಡೆಯುವ ಕೋರ್ಸ್‌ಗಳಿಗೆ ಕೆಂಪು ಸುತ್ತು. ಎಲ್ಲಕ್ಕಿಂತ ಉದ್ದದ ಸರಪಳಿ ಯಾವುದು ಅಂತ ಆಗ ಕಣ್ಣಿಗೆ ಬಿತ್ತು. ಉಳಿದ ಕೋರ್ಸ್ ಅತ್ತಿತ್ತ ಆದರೂ ನಡೆಯುತ್ತೆ, ಆ ಸರಪಳಿಯ ಕೊಂಡಿ ಮಾತ್ರ ಜಾರಬಾರದು. ಅವನು ಬೇಸಿಗೆ ರಜೆಯಲ್ಲಿ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕ್ಯಾಲ್ಕುಲಸ್ 2 ಮತ್ತೆ ಓದಿ ಉಳಿದುಕೊಂಡ. ಆದರೆ ಸೇರುವ ಮೊದಲೇ ಆ ಕ್ರೆಡಿಟ್ ತನ್ನ ಕಾಲೇಜಿನಲ್ಲಿ ನಡೆಯುತ್ತದೆ ಅಂತ ಬರಹದಲ್ಲಿ ಒಪ್ಪಿಗೆ ಪಡೆದಿದ್ದ. ಅದನ್ನು ಮರೆಯಬೇಡಿ. ಹೀಗೆ ಹೊರಗಿನಿಂದ ತಂದ ಕೋರ್ಸ್‌ನ ಕ್ರೆಡಿಟ್ ಬರುತ್ತದೆ, ಗ್ರೇಡ್ ಸಾಮಾನ್ಯವಾಗಿ ನಿಮ್ಮ ಜಿಪಿಎಗೆ ಸೇರುವುದಿಲ್ಲ.

ಈ ಸರಪಳಿ ಶುರುವಾಗುವುದೇ, ನಿಮ್ಮನ್ನು ಯಾವ ಗಣಿತ ಕೋರ್ಸ್‌ಗೆ ಸೇರಿಸಬೇಕು ಅಂತ ನೋಡುವ ಪ್ಲೇಸ್‌ಮೆಂಟ್ ಟೆಸ್ಟ್‌ನಿಂದ. ಪಿಯುಸಿಯಲ್ಲಿ ಇಂಟಿಗ್ರೇಶನ್ ಮಾಡಿದವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ಆ ಟೆಸ್ಟ್‌ನಲ್ಲಿ ಕೇಳುವುದು ಹೆಚ್ಚಾಗಿ ಬೀಜಗಣಿತ, ತ್ರಿಕೋನಮಿತಿ, ಲಾಗರಿದಮ್. ಎರಡು ವಾರ ಕೂತು ತಿರುವಿ ಹಾಕಿ. ಎಡವಿದರೆ ಪ್ರಿ-ಕ್ಯಾಲ್ಕುಲಸ್‌ನಿಂದ ಶುರು ಮಾಡಬೇಕಾಗುತ್ತದೆ, ಇಡೀ ಸರಪಳಿ ಒಂದು ಸೆಮಿಸ್ಟರ್ ಹಿಂದಕ್ಕೆ ಹೋಗುತ್ತದೆ.

ಈಗ ಕ್ರೆಡಿಟ್ ಲೆಕ್ಕ. ಡಿಗ್ರಿಗೆ ಸಾಮಾನ್ಯವಾಗಿ 120ರಿಂದ 130 ಸೆಮಿಸ್ಟರ್ ಕ್ರೆಡಿಟ್. ಎಂಟು ಸೆಮಿಸ್ಟರ್‌ಗೆ ಹಂಚಿದರೆ ಒಂದೊಂದಕ್ಕೆ 15, 16. ಒಂದು ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ಪಾಠ, ಹೊರಗೆ ಸುಮಾರು ಎರಡು ಗಂಟೆ ಓದು. ಅಂದರೆ 15 ಕ್ರೆಡಿಟ್ ಅಂದರೆ ವಾರಕ್ಕೆ 45 ಗಂಟೆ ಕೆಲಸ. ಮೊದಲ ಸೆಮಿಸ್ಟರ್‌ನಲ್ಲೇ 18 ತೆಗೆದುಕೊಳ್ಳುವ ಹುರುಪು ಬೇಡ. ಎಫ್-1 (ವಿದ್ಯಾರ್ಥಿ) ವೀಸಾದವರು ಮೊದಲೇ ಒಪ್ಪಿಗೆ ಇಲ್ಲದೆ ಸೆಮಿಸ್ಟರ್‌ಗೆ 12 ಕ್ರೆಡಿಟ್‌ಗಿಂತ ಕೆಳಗೆ ಇಳಿಯುವಂತಿಲ್ಲ. ಕಷ್ಟ ಅನಿಸಿ ಕೋರ್ಸ್ ಬಿಡುವ ಮೊದಲು ಇಂಟರ್‌ನ್ಯಾಷನಲ್ ಆಫೀಸ್‌ಗೆ ಹೋಗಿ ಮಾತಾಡಿ. ಬಿಟ್ಟ ಮೇಲೆ ಹೋದರೆ ತಡವಾಗಿರುತ್ತದೆ.

ಕಾಲೇಜು ಆರಿಸುವಾಗ ನಿಮ್ಮ ಬ್ರಾಂಚ್‌ಗೆ ಅಬೆಟ್ (ಎಂಜಿನಿಯರಿಂಗ್ ಕೋರ್ಸ್‌ಗಳ ಗುಣಮಟ್ಟ ನೋಡುವ ಸಂಸ್ಥೆ) ಮಾನ್ಯತೆ ಇದೆಯಾ ಅಂತ ನೋಡಿ. ಸಿವಿಲ್‌ನವರಿಗಂತೂ ಇದು ಬೇಕೇ ಬೇಕು. ಮುಂದೆ ಪಿಇ (ವೃತ್ತಿಪರ ಎಂಜಿನಿಯರ್) ಲೈಸೆನ್ಸ್ ಪಡೆಯುವ ದಾರಿ ಅದರಿಂದ ಸಲೀಸಾಗುತ್ತದೆ. ಅದರ ಮೊದಲ ಮೆಟ್ಟಿಲಾದ ಎಫ್‌ಇ ಪರೀಕ್ಷೆಯನ್ನು ಕೊನೆಯ ವರ್ಷದಲ್ಲೇ, ಓದಿದ್ದು ತಲೆಯಲ್ಲಿರುವಾಗಲೇ ಬರೆದುಬಿಡಿ.

ಇನ್ನು ಕೈಕಸುಬು. ಗ್ರೇಡ್ ಒಂದೇ ಇಲ್ಲಿ ಸಾಲದು. ಇಂಟರ್‌ವ್ಯೂನಲ್ಲಿ "ಏನು ಕಟ್ಟಿದ್ದೀಯ?" ಅಂತ ಕೇಳುತ್ತಾರೆ. ಹಾಗಾಗಿ ಮೊದಲ ವರ್ಷವೇ ಒಂದು ತಂಡಕ್ಕೆ ಸೇರಿಕೊಳ್ಳಿ. ಫಾರ್ಮುಲಾ ಎಸ್‌ಎಇ ಅನ್ನುವ ವಿದ್ಯಾರ್ಥಿ ಸ್ಪರ್ಧೆಗೆ ರೇಸ್ ಕಾರು ಕಟ್ಟುತ್ತಾರೆ. ಸಿವಿಲ್‌ನವರಿಗೆ ಕಾಂಕ್ರೀಟಿನಲ್ಲೇ ದೋಣಿ ಮಾಡಿ ನೀರಿಗಿಳಿಸುವ ಸ್ಪರ್ಧೆ ಇದೆ. ಕಾಂಕ್ರೀಟ್ ಹಗುರ ಆಗಬೇಕು, ಹುಟ್ಟು ಹಾಕುವಾಗ ಬಿರುಕೂ ಬಿಡಬಾರದು. ಆ ಮಿಶ್ರಣಕ್ಕಾಗಿ ರಾತ್ರಿಯೆಲ್ಲ ಒದ್ದಾಡಿದವರಿಗೆ ಮಟೀರಿಯಲ್ಸ್ ಪಾಠ ಬೇರೆಯೇ ರೀತಿ ಅರ್ಥವಾಗುತ್ತದೆ. ಟೆಕ್ನಿಕಲ್ ರೈಟಿಂಗ್ ಕೋರ್ಸ್ ಅನ್ನು ಸುಮ್ನೆ ಕ್ರೆಡಿಟ್ ತುಂಬಲು ಕೊನೆಗೆ ಇಡಬೇಡಿ, ಎರಡನೇ ವರ್ಷದಲ್ಲೇ ಮುಗಿಸಿ. ಲ್ಯಾಬ್ ರಿಪೋರ್ಟ್‌ನಿಂದ ಹಿಡಿದು ಕೆಲಸದ ಅರ್ಜಿವರೆಗೆ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ.

ಮುಂದಿನ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಕಂಪನಿಗಳು ಸೆಪ್ಟೆಂಬರ್ ಸುಮಾರಿಗೇ ಕ್ಯಾಂಪಸ್‌ಗೆ ಬರುತ್ತವೆ. ಎಫ್-1ನವರು ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಮುಗಿಸಿದ ಮೇಲೆ ಸಿಪಿಟಿ (ಓದಿನ ಭಾಗವಾಗಿ ಹೊರಗೆ ಕೆಲಸ ಮಾಡುವ) ಒಪ್ಪಿಗೆ ಪಡೆದು ಹೋಗಬಹುದು. ಒಪ್ಪಿಗೆ ಕೈಗೆ ಬರುವ ಮೊದಲು ಒಂದು ದಿನವೂ ಕೆಲಸ ಮಾಡಬೇಡಿ. ಪೂರ್ತಿ ಅವಧಿಯ ಸಿಪಿಟಿ 12 ತಿಂಗಳು ಮುಟ್ಟಿದರೆ ಆ ಡಿಗ್ರಿಯ ಒಪಿಟಿ, ಅಂದರೆ ಡಿಗ್ರಿ ಮುಗಿದ ಮೇಲೆ ಓದಿದ ವಿಷಯದಲ್ಲೇ ಕೆಲಸ ಮಾಡುವ ಅನುಮತಿ, ಕೈತಪ್ಪುತ್ತದೆ. ಕೋ-ಆಪ್ (ಓದಿನ ನಡುವೆ ತಿಂಗಳುಗಟ್ಟಲೆ ಕಂಪನಿಯಲ್ಲಿ ಕೆಲಸ) ಮಾಡುವವರು ತಿಂಗಳು ಎಣಿಸಿಕೊಂಡೇ ಹೆಜ್ಜೆ ಇಡಬೇಕು.

ನಮ್ಮವರು ಹಿಂಜರಿಯುವ ಜಾಗ ಇನ್ನೊಂದಿದೆ. ಪ್ರೊಫೆಸರ್‌ಗಳು ಆಫೀಸ್ ಅವರ್ಸ್‌ನಲ್ಲಿ ವಿದ್ಯಾರ್ಥಿಗಳಿಗೆಂದೇ ಬಾಗಿಲು ತೆರೆದು ಕೂತಿರುತ್ತಾರೆ. ತೊಂದರೆ ಕೊಟ್ಟಂತಾಗುತ್ತೆ ಅಂತ ನಾವು ಹೋಗುವುದೇ ಇಲ್ಲ, ಅಲ್ವಾ? ಅರ್ಧ ಮಾಡಿದ ಲೆಕ್ಕವನ್ನೇ ತೆಗೆದುಕೊಂಡು ಹೋಗಿ. "ಇಲ್ಲಿವರೆಗೆ ಬಂತು, ಈ ಸಾಲಿನಲ್ಲಿ ಸಿಕ್ಕಿಹಾಕಿಕೊಂಡೆ" ಅಂತ ತೋರಿಸಿ. ನಾಳೆ ಶಿಫಾರಸು ಪತ್ರ ಬರೆಯಬೇಕಾದವರೂ ಅವರೇ.

ಮುಂದಿನ ರಿಜಿಸ್ಟ್ರೇಶನ್‌ಗೆ ಎರಡು ಮೂರು ವಾರ ಮೊದಲೇ, ಕೋರ್ಸ್ ಆಯ್ಕೆಗೆ ಸಲಹೆ ಕೊಡುವ ಅಡ್ವೈಸರ್‌ನ ಸಮಯ ಕೇಳಿ, ಆ ಡ್ರಾಯಿಂಗ್ ಶೀಟ್ ಮಡಚಿಕೊಂಡು ಹೋಗಿ. ಕೆಂಪು ಸುತ್ತಿನ ಕೋರ್ಸ್‌ಗಳು ಈ ವರ್ಷವೂ ಅದೇ ಸೆಮಿಸ್ಟರ್‌ನಲ್ಲಿ ಇವೆಯಾ, ಯಾವುದರಲ್ಲಿ ಸೀಟು ಬೇಗ ತುಂಬುತ್ತದೆ ಅಂತ ಕೇಳಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಬನ್ನಿ.