ಗೋಣಿಕೊಪ್ಪದ ಮಳೆಗಾಲದಲ್ಲಿ ಸತ್ತ ಸಿಪಿಎಸ್-2 ಬೋರ್ಡ್ ಎದ್ದು ಕೂತಿದ್ದು: ನನ್ನ ಅನುಭವ

"ಬಿ ಬೋರ್ಡ್ ಸತ್ತಿದೆ, ಸುಮ್ನೆ ಫೀನಿಕ್ಸ್ ರೋಮ್ ಹಾಕ್ಕೊಂಡು ಆಡು" ಅಂತ ನನಗೆ ಹೇಳದವರೇ ಇಲ್ಲ. ಸಿಪಿಎಸ್-2 ಅಂದರೆ ಕ್ಯಾಪ್ಕಾಮ್ ಕಂಪನಿಯ 90ರ ದಶಕದ ಆರ್ಕೇಡ್ ವಿಡಿಯೋ ಗೇಮ್ ಬೋರ್ಡ್; ಎ ಬೋರ್ಡ್ ಎಲ್ಲ ಆಟಕ್ಕೂ ಒಂದೇ, ಬಿ ಬೋರ್ಡಿನಲ್ಲಿ ಆಟ ಇರುತ್ತೆ. ಫೀನಿಕ್ಸ್ ಅಂದರೆ ಬೀಗ ಬಿಚ್ಚಿ ತಿದ್ದಿದ ಆಟದ ಕೋಡ್. ಎಸ್‌ಪಿ ರೋಡಿನಲ್ಲಿ ರಿಪೇರಿ ಮಾಡುವ ಗೆಳೆಯ ಹೇಳಿದ. ಮೈಸೂರಿನಲ್ಲಿ ಬೋರ್ಡ್ ಕೂಡಿಟ್ಟವರೂ ಅದನ್ನೇ ಹೇಳಿದರು. ಕೊಡಗಿನ ಥಂಡಿಯಲ್ಲಿ ಇಂಥದ್ದನ್ನು ಇಟ್ಟುಕೊಳ್ಳುವುದೇ ತಪ್ಪು ಅಂದವರೂ ಇದ್ದಾರೆ. ಕಳೆದ ಹುತ್ತರಿಯ ಹಿಂದಿನ ರಾತ್ರಿ ಅದೇ ಬೋರ್ಡ್, ಅದೇ ಹಳೇ ಇಪ್ರೋಮ್‌ಗಳ (ಆಟದ ಕೋಡ್ ಇರುವ ಚಿಪ್ಪುಗಳ) ಮೇಲೆ, ಒಂದು ಚಿಪ್ಪನ್ನೂ ಬದಲಿಸದೆ ಆನ್ ಆಯಿತು. ಆರು ತಿಂಗಳ ಕೆಲಸ. ಹೇಗೆ ಮಾಡಿದೆ ಅಂತ ಬರೆಯುತ್ತೇನೆ.

ಬೋರ್ಡ್ ಸ್ಟ್ರೀಟ್ ಫೈಟರ್ ಝೀರೋ 3, 1998ರದ್ದು. ಹೊರದೇಶದ ಒಬ್ಬ ಮಾರಾಟಗಾರ "ಚಾಲ್ತಿಯಲ್ಲಿದೆ" ಅಂತ ಹೇಳಿ ಕೊಟ್ಟದ್ದು. ಬೆಲೆ ಸುಮಾರು 14,000, ಕೊರಿಯರ್ ಮತ್ತು ಸುಂಕ ಸೇರಿ ಇನ್ನೊಂದು ಐದೂವರೆ ಸಾವಿರ. ಜೂನ್ ಎರಡನೇ ವಾರ ಕೈಗೆ ಸಿಕ್ಕಿತು. ಎ ಬೋರ್ಡಿಗೆ ಸಿಕ್ಕಿಸಿ ಆನ್ ಮಾಡಿದರೆ ಪರದೆ ತುಂಬ ಒಂದೇ ಬಣ್ಣ, ಶಬ್ದ ಇಲ್ಲ. ಇದನ್ನು ನೋಡಿದವರಿಗೆ ಗೊತ್ತು, ಮೀಟರ್ ಹಿಡಿಯುವ ಮೊದಲೇ ಹೊಟ್ಟೆಯಲ್ಲಿ ಏನೋ ಆಗುತ್ತೆ. ಬ್ಯಾಟರಿ 1.1 ವೋಲ್ಟ್ ತೋರಿಸಿತು. ಈ ಬೋರ್ಡಿನ ಕೋಡ್ ಗೂಢಲಿಪಿಯಲ್ಲಿದೆ, ಅದನ್ನು ಬಿಡಿಸುವ ಕೀ ಬ್ಯಾಟರಿಯ ಬಲದಲ್ಲಿ ಚಿಪ್ಪಿನ ನೆನಪಿನಲ್ಲಿ ಇರುತ್ತೆ. ಬ್ಯಾಟರಿ ಇಷ್ಟು ಕೆಳಗೆ ಇಳಿದರೆ ಕೀ ಹೋದಂತೆ. ದುಡ್ಡು ವಾಪಸ್ ಕೇಳಿದೆ. ಉತ್ತರವೇ ಬರಲಿಲ್ಲ.

ಫೀನಿಕ್ಸ್ ಮಾಡಿದವರ ಮೇಲೆ ನನಗೆ ಗೌರವ ಇದೆ. 2001ರಲ್ಲಿ ಸಿಪಿಎಸ್‌2ಶಾಕ್ ತಂಡ ಆ ಗೂಢಲಿಪಿ ದಾಟಿ ಕೋಡ್ ಹೊರತೆಗೆಯದೇ ಹೋಗಿದ್ದರೆ ಎಷ್ಟೋ ಬೋರ್ಡ್ ಗುಜರಿಗೆ ಹೋಗುತ್ತಿತ್ತು. ಆದರೆ ಆ ದಾರಿಯಲ್ಲಿ ಹೋದರೆ ಕಾರ್ಖಾನೆಯಿಂದ ಬಂದ 27ಸಿ4096 ಇಪ್ರೋಮ್ ತೆಗೆದು, ತಿದ್ದಿದ ಕೋಡ್ ಹಾಕಬೇಕು. ಆಮೇಲೆ ಅದು ಆಡುವ ಯಂತ್ರ, ಉಳಿಸಿದ ಯಂತ್ರ ಅಲ್ಲ. 2007ರಲ್ಲಿ ನಿಕೋಲಾ ಸಾಲ್ಮೋರಿಯಾ ಮತ್ತು ಆಂಡ್ರಿಯಾಸ್ ನಾಯಿವ್ ಅಲ್ಗಾರಿದಮ್ಮನ್ನೇ ಬಿಡಿಸಿದರು. ಆಮೇಲೆ ಮೇಮ್‌ನಲ್ಲಿ (ಕಂಪ್ಯೂಟರಿನಲ್ಲಿ ಆರ್ಕೇಡ್ ಆಟ ಓಡಿಸುವ ತಂತ್ರಾಂಶ) ಪ್ರತಿ ಆಟಕ್ಕೂ, ಪ್ರತಿ ದೇಶದ ಆವೃತ್ತಿಗೂ ಕೀ ಫೈಲ್ ಬಂತು. ಒಂದೊಂದೂ ಬರೀ 20 ಬೈಟ್. 2016ರಲ್ಲಿ ಎಡ್ವಾರ್ಡೊ ಕ್ರೂಜ್ ಮತ್ತು ಜೊತೆಗಾರರು ಆ ಕೀಯನ್ನು ಹೊರಗಿಂದಲೇ ಚಿಪ್ಪಿಗೆ ವಾಪಸ್ ಬರೆಯುವ ದಾರಿ ತೋರಿಸಿದರು. ಚಿಪ್ಪು ಸತ್ತಿಲ್ಲ, ಮರೆತಿದೆ ಅಷ್ಟೇ. ಇದನ್ನೇ ನಾನು ಎಲ್ಲರಿಗೂ ಹೇಳುತ್ತಿದ್ದೆ, ಯಾರೂ ನಂಬಲಿಲ್ಲ.

ಮೊದಲ ಸೋಲು ಬ್ಯಾಟರಿ ಸೋರಿದ್ದರಿಂದ ಬಂತು. ಅರ್ಧ ಎಎ ಸೈಜಿನ ಆ ಲಿಥಿಯಂ ಸೆಲ್ ಬಿಚ್ಚಿದರೆ ಅಡಿಯಲ್ಲಿ ಹಸಿರು ಪಾಚಿ ಹಿಡಿದ ಹಾಗೆ. ಸುತ್ತಲಿನ ಎರಡು ಟ್ರೇಸ್ (ತಾಮ್ರದ ಗೆರೆ) ತಿಂದುಹೋಗಿತ್ತು, ಒಂದು ವಯಾ (ಬೋರ್ಡಿನ ಪದರ ಸೇರಿಸುವ ತೂತು) ಒಳಗಿಂದ ತುಂಡಾಗಿತ್ತು. ಈ ಸೆಲ್ಲಿನ ಸೋರಿಕೆ ಆಮ್ಲ, ಆದ್ದರಿಂದ ಅಡುಗೆ ಸೋಡಾ ನೀರು, ಆಮೇಲೆ ಡಿಸ್ಟಿಲ್ಡ್ ವಾಟರ್, ಆಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್). ವಯಾ ಒಳಗೆ ಕೂದಲಿನಷ್ಟು ತೆಳು ತಂತಿ ತೂರಿಸಿ ಎರಡೂ ಕಡೆ ಬೆಸುಗೆ ಹಾಕಿದೆ. ಇಷ್ಟಕ್ಕೇ ಮೂರು ಭಾನುವಾರ ಹೋಯಿತು, ಜುಲೈನಲ್ಲಿ ದಿನಕ್ಕೆ ಎರಡು ಗಂಟೆ ಕರೆಂಟ್ ಇದ್ದರೆ ಅದೇ ಭಾಗ್ಯ.

ಇಲ್ಲಿ ಒಂದು ಅಡ್ಡ ಪ್ರಯೋಗದ ಮಾತು. ನನ್ನ ಹತ್ತಿರ ಇನ್ನೊಂದು ಹಳೇ ಬೋರ್ಡ್ ಇದೆ, ಅದರಲ್ಲಿ ನಿಕ್ಯಾಡ್ ಬ್ಯಾಟರಿ ಸೋರಿತ್ತು. ನಿಕ್ಯಾಡ್ ಸೋರಿಕೆ ಕ್ಷಾರ, ಅದಕ್ಕೆ ವಿನೆಗರ್ ಬೇಕು. ಮನೆಯಲ್ಲಿ ವಿನೆಗರ್ ಇರಲಿಲ್ಲ, ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಇತ್ತು. ಒಂದು ಚಮಚ ಕಾಚಂಪುಳಿಗೆ ಹತ್ತು ಚಮಚ ನೀರು ಬೆರೆಸಿ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದೆ. ನೊರೆ ಬಂದು ಹಸಿರು ಪುಡಿ ಕರಗಿತು, ತಾಮ್ರ ಹೊಸ ಕಾಸಿನ ಹಾಗೆ ಹೊಳೆಯಿತು. ಆದರೆ ಕಪ್ಪು ಅಂಟು ಉಳಿಯುತ್ತೆ, ನಾಲ್ಕು ಸಲ ತೊಳೆಯಬೇಕು. ವಿನೆಗರ್ ಇದ್ದರೆ ಅದನ್ನೇ ಬಳಸಿ. ಕಾಚಂಪುಳಿ ಪಂದಿಕರಿಗೇ ಇರಲಿ, ಅಂಥ ಒಳ್ಳೇ ಬಾಟಲಿ ಸಿಗುವುದು ಈಗ ಕಷ್ಟ.

ಎರಡನೇ ಸೋಲು ಬಣ್ಣ ನಂಬಿದ್ದರಿಂದ. ಬಿ ಬೋರ್ಡಿನ ಪೆಟ್ಟಿಗೆ ಹಸಿರು, ಅಂದರೆ ಜಪಾನ್. ಇಪ್ರೋಮ್ ಲೇಬಲ್ ಮಾಸಿ ಅಕ್ಷರ ಕಾಣುತ್ತಿರಲಿಲ್ಲ, ನಾನೂ ನೋಡಲು ಹೋಗಲಿಲ್ಲ. ಕೀ ಬರೆಯಲು ಆರ್ಡುಯಿನೋ ಊನೋ (ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಬೋರ್ಡ್) ನಕಲು 450 ರೂಪಾಯಿ, ಬಿ ಬೋರ್ಡಿನ ಸಿಎನ್9 ಕನೆಕ್ಟರಿಗೆ ನಾಲ್ಕು ತಂತಿ, ಜಪಾನ್ ಕೀ. ಬರೆದೆ. ಅದೇ ಒಂದು ಬಣ್ಣದ ಪರದೆ. ಬರೆದದ್ದು ಸರಿಯಾಗಿ ಕೂತಿದೆಯಾ ಅಂತ ಓದಿ ನೋಡುವ ದಾರಿ ನನ್ನ ಹತ್ತಿರ ಇರಲಿಲ್ಲ, ಆನ್ ಮಾಡಿ ನೋಡುವುದೊಂದೇ ಪರೀಕ್ಷೆ. ಮೂವತ್ತು ಸಲ ಆದರೂ ಮಾಡಿರಬಹುದು. ತಂತಿ ಬದಲಿಸಿದೆ, ಆರ್ಡುಯಿನೋ ಬದಲಿಸಿದೆ, 900 ರೂಪಾಯಿ ಕೊಟ್ಟು ಲಾಜಿಕ್ ಅನಲೈಸರ್ ತರಿಸಿದೆ. ಸಿಗ್ನಲ್ ಎಲ್ಲ ಅಚ್ಚುಕಟ್ಟು. ಕೊನೆಗೆ ಇಪ್ರೋಮ್ ಬಿಚ್ಚಿ ಪ್ರೋಗ್ರಾಮರಿನಲ್ಲಿ ಓದಿ ಚೆಕ್‌ಸಮ್ ಹೋಲಿಸಿದೆ. ಏಷ್ಯಾ ಆವೃತ್ತಿ! ಯಾರೋ ಬೂದು ಪೆಟ್ಟಿಗೆ ಒಡೆದದ್ದಕ್ಕೆ ಹಸಿರು ಪೆಟ್ಟಿಗೆ ಹಾಕಿದ್ದಾರೆ. ಎರಡು ತಿಂಗಳು ಹೀಗೇ ಹೋಯಿತು. ದಯವಿಟ್ಟು ಮೊದಲು ರೋಮ್ ಓದಿ, ಆಮೇಲೆ ಕೀ ಮುಟ್ಟಿ.

ಏಷ್ಯಾ ಕೀ ಬರೆದೆ. ಆಗಲೂ ಬರಲಿಲ್ಲ. ಇದು ಮೂರನೇ ಸೋಲು, ಇದೇ ನನ್ನನ್ನು ಜಾಸ್ತಿ ಕಾಡಿದ್ದು. ಹತ್ತಕ್ಕೆ ಒಂದು ಸಲ ಪರದೆ ಕ್ಷಣ ಮಿನುಗುತ್ತಿತ್ತು, ಅಂದರೆ ಕೀ ಸರಿ, ಬರೆಯುವಾಗ ಎಲ್ಲೋ ಒಂದು ಬಿಟ್ ಜಾರುತ್ತಿದೆ. ಹೀಗೆ ಮಿನುಗುವುದೂ ಕರೆಂಟ್ ಇದ್ದಾಗ ಮಾತ್ರ, ಇನ್ವರ್ಟರ್ ಮೇಲೆ ಇದ್ದಾಗ ಖಂಡಿತ ಇಲ್ಲ. ನಮ್ಮ ಮನೆಯ ಇನ್ವರ್ಟರ್ ಹಳೇ ಸ್ಕ್ವೇರ್ ವೇವ್, ಬೋರ್ಡಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಅದರ ಮೇಲೆ ಗುಂಯ್ ಅನ್ನುತ್ತೆ. ಆರ್ಡುಯಿನೋ ಬೇರೆ ಚಾರ್ಜರಿನಿಂದ ಓಡುತ್ತಿತ್ತು. ಆರ್ಡುಯಿನೋಗೂ ಬೋರ್ಡಿನ 5 ವೋಲ್ಟನ್ನೇ ಕೊಟ್ಟು, ಗ್ರೌಂಡ್ ತಂತಿಯನ್ನು ಗೇಣುದ್ದಕ್ಕೆ ಇಳಿಸಿದೆ. ಕ್ಲಾಕ್ ನಿಧಾನ ಮಾಡಿದೆ. ಎಷ್ಟು ನಿಧಾನ, ಬರೆಯುವ ಮೊದಲು ಎಷ್ಟು ಹೊತ್ತು ಕಾಯಬೇಕು ಅನ್ನುವುದು ನನ್ನ ನೋಟ್‌ಬುಕ್ಕಿನಲ್ಲೇ ಇರಲಿ. ನೀವೂ ಒಂದು ವಾರ ಕೂತರೆ ಸಿಗುತ್ತೆ.

ಆ ರಾತ್ರಿ ಹನ್ನೊಂದೂವರೆ. ಪರದೆ ಒಂದು ಸಲ ಕಪ್ಪಾಯಿತು, ಆಮೇಲೆ ಕ್ಯೂಸೌಂಡ್ ಅನ್ನುವ ಶಬ್ದ ತಂತ್ರಜ್ಞಾನದ ಲಾಂಛನ ಬಂತು, ಅದರ ಶಬ್ದ ಹಜಾರದಲ್ಲಿ ಮೊಳಗಿತು. ಅಕ್ಕನ ಮಗ ನಿದ್ದೆಯಿಂದ ಎದ್ದು ಬಂದ. ನನಗೆ ಕಣ್ಣು ತುಂಬಿತು. 90ರ ದಶಕದಲ್ಲಿ ಗೋಣಿಕೊಪ್ಪದಲ್ಲಿ ಒಂದು ರೂಪಾಯಿ ಕಾಸು ಹಿಡಿದು ವಿಡಿಯೋ ಗೇಮ್ ಅಂಗಡಿ ಮುಂದೆ ನಿಂತವರಿಗೆ ಇದು ಅರ್ಥ ಆಗುತ್ತೆ, ಅಲ್ವಾ?

ಥಂಡಿ ವಿಷಯ. ಮೊದಲು ಒಲೆ ಮೇಲಿನ ಅಟ್ಟದಲ್ಲಿ ಇಟ್ಟು ನೋಡಿದೆ, ಒಣಗಿತು, ಆದರೆ ಹೊಗೆಯ ಮಸಿ ಕನೆಕ್ಟರಿಗೆಲ್ಲ ಕೂತಿತು. ಈಗ ಹಳೇ ಕಬ್ಬಿಣದ ಬೀರು, ಕೆಳಗಿನ ಖಾನೆಯಲ್ಲಿ 40 ವ್ಯಾಟ್ ಬಲ್ಬು. ನಮ್ಮಲ್ಲಿ ರೇಷ್ಮೆ ಸೀರೆಗೆ ಬೂಷ್ಟು ಬರದಂತೆ ಮಾಡುವ ಅದೇ ಉಪಾಯ. ಆಗಸ್ಟಿನಲ್ಲಿ ಕೋಣೆಯ ತೇವ 90ರ ಮೇಲೆ ಇದ್ದಾಗ ಬೀರು ಒಳಗೆ 55ರಿಂದ 60. ಬೋರ್ಡ್ ಮೇಲಿನ ಖಾನೆಯಲ್ಲಿ ಇರಲಿ, ಬಲ್ಬಿನ ಹತ್ತಿರ ಬೇಡ.

ಬ್ಯಾಟರಿ ಈಗ ಬೋರ್ಡಿನ ಮೇಲಿಲ್ಲ. ಎರಡು ತಂತಿ ಹೊರಗೆ ಎಳೆದು ಹೋಲ್ಡರಿನಲ್ಲಿ ಇಟ್ಟಿದ್ದೇನೆ, ಸೋರಿದರೂ ಟ್ರೇಸ್ ತಿನ್ನಲ್ಲ. ಸೆಲ್ 180 ರೂಪಾಯಿ, ಹಾಕಿದ ತಾರೀಖು ಮೇಲೆ ಬರೆದಿದ್ದೇನೆ. ಬೋರ್ಡಿನ ಬೆಲೆ ಬಿಟ್ಟು ಒಟ್ಟು ಖರ್ಚು ಮೂರೂವರೆ ಸಾವಿರದ ಒಳಗೆ.

ಮುಂದೆ ಮುಸ್ತಫಾ, ನಮ್ಮ ಕಡೆ ಆ ಹೆಸರಿನಲ್ಲೇ ಗೊತ್ತಿದ್ದ ಆಟ. ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್, ಅಸಲಿ ಬೋರ್ಡ್, ಅಂಗಡಿಗಳಲ್ಲಿ ನಾವು ಆಡಿದ ನಕಲಿ ಅಲ್ಲ. ಅದರ ಶಬ್ದದ ಕೋಡ್ ಓಡುವುದು ಕಬುಕಿ ಎನ್ನುವ ಬ್ಯಾಟರಿ ಕಟ್ಟಿದ ಝಡ್80 ಪ್ರೊಸೆಸರ್ ಮೇಲೆ, ಬೀಗದ ಬಗೆಯೇ ಬೇರೆ. ಬ್ಯಾಟರಿ ಇನ್ನೂ 3.1 ವೋಲ್ಟ್ ಇದೆ. ಕಾಫಿ ಕೊಯ್ಲು ಮುಗಿದ ಮೇಲೆ ಬಿಚ್ಚುತ್ತೇನೆ.